ಹಳೇ ಲ್ಯಾಪ್‌ಟಾಪಿಗೆ ಯಾವ ಗೇಮ್?
ಗ್ರಾಫಿಕ್ಸ್ ಕಾರ್ಡ್ ಇಲ್ಲದ ಹಳೇ ಲ್ಯಾಪ್‌ಟಾಪ್‌ನ್ಯಾಗ ಯಾವ ಗೇಮ್ ಆಡ್ಲಿ ಅಂತ ಕೇಳೀರಲ್ರೀ, ಕಣ್ಣು ಮುಚ್ಚಿ ಸ್ಟಾರ್‌ಡ್ಯೂ ವ್ಯಾಲಿ ಅನ್ನೋ ಒಕ್ಕಲತನದ ಗೇಮ್ ಹಾಕ್ರಿ. 2016ರಾಗ ಬಂದದ್ದು, ಎರಿಕ್ ಬರೋನ್ ಅನ್ನಾಂವ ಚಿತ್ರ, ಸಂಗೀತ, ಕೋಡ್ ಎಲ್ಲಾ ಒಬ್ಬನ ಕುಂತು ಮಾಡ್ಯಾನ. ಒಂದು ಹಂಗಾಮು ಅಂದ್ರ 28 ದಿನ. ಅದು ಮುಗೀತಂದ್ರ ಹೊಲದಾಗಿನ ಬೆಳಿ ಬಹುತೇಕ ಒಣಗಿ ಹೋಗ್ತಾವು. 27ನೇ ದಿನ ಬಿತ್ತಿ ನಾನೂ ಕೈ ಸುಟ್ಕೊಂಡೀನಿ. ನವಲಗುಂದದಾಗ ಕಡ್ಲಿ ಬೆಳಿಯೋ ನಮ್ಮ ಕಾಕಾ ಒಮ್ಮೆ ನೋಡಿ, 'ನಾಳಿ ಮಳಿ ಬರತೈತೋ ಇಲ್ಲೋ ಅಂತ ಗೇಮಿನ್ಯಾಗಿನ ಟಿವಿ ಖರೇ ಹೇಳತೈತಲ್ಲೋ, ಇದೆಂಥಾ ಒಕ್ಕಲತನ!' ಅಂತ ನಕ್ರು.

ರಾಜ್ಯ ಕಟ್ಟಿ ಯುದ್ಧ ಮಾಡೋ ಗೇಮ್, 1999ರ ಏಜ್ ಆಫ್ ಎಂಪೈರ್ಸ್ 2 ಸೈತ ಓಡತೈತಿ. ಆದ್ರ ಪರೀಕ್ಷಾ ಇದ್ದಾಗ ಮುಟ್ಟಬ್ಯಾಡ್ರಿ; ಧಾರವಾಡದ ರೂಮಿನ್ಯಾಗ ರಾತ್ರಿ 10ಕ್ಕ ಕುಂತಾಂವ ಹಾಲಿನ ಗಾಡಿ ಸಪ್ಪಳಕ್ಕ ಎದ್ದೀನಿ.