ನ್ಯಾನೊ ಔಷಧಿ ನೇರ ಗಡ್ಡೆಗೇ ಹೋಗುತ್ತದೆಯೇ?

ಪ್ರಶ್ನೆ: ಅಮ್ಮನಿಗೆ ಅಂಡಾಶಯದ ಕ್ಯಾನ್ಸರ್. ಲೈಪೊಸೋಮ್ ರೂಪದ ಡಾಕ್ಸೊರುಬಿಸಿನ್ ಕೊಡೋಣ ಎಂದಿದ್ದಾರೆ ಡಾಕ್ಟರ್. ಇದು ನ್ಯಾನೊ ಔಷಧಿ, ಗಡ್ಡೆಗೆ ಮಾತ್ರ ಹೋಗುತ್ತದೆ, ಅಡ್ಡಪರಿಣಾಮವೇ ಇಲ್ಲ ಎಂದು ಓದಿದೆ. ನಿಜವೇ?

ಉತ್ತರ: ನಿಜವಲ್ಲ. ಇದೇ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ. ಕೇಳುವವರ ಮೇಲೆ ನನಗೆ ಸಿಟ್ಟಿಲ್ಲ. ಹೀಗೆಲ್ಲ ಬರೆದು ರೋಗಿಗಳನ್ನು ನಂಬಿಸುವವರ ಮೇಲಿದೆ.

ಡಾಕ್ಸೊರುಬಿಸಿನ್ ಒಂದು ಕೀಮೋ ಔಷಧಿ. ಲೈಪೊಸೋಮ್ ಎಂದರೆ ಅದನ್ನು ಒಳಗಿಟ್ಟುಕೊಂಡ ಕೊಬ್ಬಿನ ಅತಿ ಸಣ್ಣ ಗುಳ್ಳೆ, ಅಂದರೆ ನ್ಯಾನೊ ಕಣ. ಆ ಕಣಕ್ಕೆ ಗಡ್ಡೆ ಎಲ್ಲಿದೆ ಎಂದು ಗೊತ್ತಾಗುವುದಿಲ್ಲ. ರಕ್ತ ಒಯ್ದ ಕಡೆಗೆಲ್ಲ ಅದು ಹೋಗುತ್ತದೆ. ಗಡ್ಡೆಯ ರಕ್ತನಾಳಗಳು ಅವಸರದಲ್ಲಿ ಬೆಳೆದವು, ಗೋಡೆಯಲ್ಲಿ ಸಂದುಗಳಿರುತ್ತವೆ. ಸುಮಾರು 80ರಿಂದ 100 ನ್ಯಾನೊಮೀಟರ್ ಗಾತ್ರದ ಲೈಪೊಸೋಮ್ ಆ ಸಂದಿನಲ್ಲಿ ಸೋರಿ ಒಳಗೆ ಉಳಿಯುತ್ತದೆ. ಜಪಾನಿನ ಸಂಶೋಧಕರಾದ ಮತ್ಸುಮುರಾ ಮತ್ತು ಮಾಯೆದಾ 1986ರಲ್ಲಿ ಹೇಳಿದ್ದು ಇದನ್ನೇ. ಆದರೆ ಇಲಿಯಲ್ಲಿ ಚೆನ್ನಾಗಿ ಕಂಡದ್ದು ಮನುಷ್ಯರಲ್ಲಿ ಒಂದೊಂದು ಗಡ್ಡೆಗೆ ಒಂದೊಂದು ತರಹ. ಹಿಂದಿನ ಹತ್ತು ವರ್ಷಗಳ ಪ್ರಾಣಿ ಪ್ರಯೋಗಗಳನ್ನು 2016ರಲ್ಲಿ ಒಟ್ಟು ಹಾಕಿ ನೋಡಿದರು. ಚುಚ್ಚಿದ ಕಣಗಳಲ್ಲಿ ಗಡ್ಡೆ ಮುಟ್ಟಿದ್ದರ ನಡುಮಟ್ಟ ಶೇ 0.7 ಮಾತ್ರ!

ಉಳಿದದ್ದರಲ್ಲಿ ಹೆಚ್ಚಿನ ಪಾಲು ಲಿವರ್ ಮತ್ತು ಗುಲ್ಮಕ್ಕೆ ಹೋಗುತ್ತದೆ. ರಕ್ತದಲ್ಲಿನ ಹೊರಗಿನ ಕಣಗಳನ್ನು ನುಂಗುವ ಕೋಶಗಳು ಅಲ್ಲಿವೆ. ಅವುಗಳ ಕಣ್ಣು ತಪ್ಪಿಸಲು ಕಣದ ಮೇಲೆ ಪಾಲಿಎಥಿಲೀನ್ ಗ್ಲೈಕಾಲ್ ಲೇಪ ಕೊಡುತ್ತಾರೆ. ಅದರಿಂದ ಸ್ವಲ್ಪ ಸಮಯ ಸಿಗುತ್ತದೆ, ಅಷ್ಟೇ. ಗಡ್ಡೆಯ ಗುರುತು ಹಿಡಿಯಲಿ ಎಂದು ಆಂಟಿಬಾಡಿ (ಗುರುತು ಹಿಡಿದು ಅಂಟಿಕೊಳ್ಳುವ ಪ್ರೋಟೀನ್) ಅಂಟಿಸಿದರೂ ರಕ್ತದ ಪ್ರೋಟೀನುಗಳು ಮೆತ್ತಿಕೊಂಡು ಅದನ್ನು ಮುಚ್ಚಿಬಿಡಬಹುದು. ಇದೇ ಮೆತ್ತಿಕೊಳ್ಳುವಿಕೆ ಒಂದು ಕಡೆ ಬಹಳ ಉಪಯೋಗಕ್ಕೆ ಬಂದಿದೆ. 2018ರಲ್ಲಿ ಒಪ್ಪಿಗೆ ಪಡೆದ ಪ್ಯಾಟಿಸಿರಾನ್ ಎಂಬ ನ್ಯಾನೊ ಔಷಧಿ ಸೇರಬೇಕಾದದ್ದೇ ಲಿವರಿಗೆ. ಅದರ ಕೊಬ್ಬಿನ ಕಣಕ್ಕೆ ರಕ್ತದ ಒಂದು ಪ್ರೋಟೀನ್ ಅಂಟುತ್ತದೆ. ಆ ಪ್ರೋಟೀನ್ ನೋಡಿಯೇ ಲಿವರ್ ಕೋಶ ಕಣವನ್ನು ಒಳಗೆ ಎಳೆದುಕೊಳ್ಳುತ್ತದೆ.

ಹಾಗಾದರೆ ಅಮ್ಮನಿಗೆ ಇದು ಬೇಡವೇ? ಬೇಕು. ಸಾದಾ ಡಾಕ್ಸೊರುಬಿಸಿನ್ ಹೃದಯದ ಸ್ನಾಯುವನ್ನು ಕೆಡಿಸುತ್ತದೆ. ಹೃದಯದ ರಕ್ತನಾಳಗಳ ಗೋಡೆ ಬಿಗಿ, ಲೈಪೊಸೋಮ್ ಅಲ್ಲಿ ಸುಲಭವಾಗಿ ಸೋರುವುದಿಲ್ಲ. ಹೃದಯದ ಮೇಲಿನ ಹೊಡೆತ ಕಡಿಮೆಯಾಗುವುದೇ ಇದರ ದೊಡ್ಡ ಲಾಭ. ಕಡಿಮೆ ಎಂದೆ, ಇಲ್ಲ ಎನ್ನಲಿಲ್ಲ. ಹೃದಯದ ಪರೀಕ್ಷೆ ತಪ್ಪಿಸಬೇಡಿ. ಜತೆಗೆ ಅಂಗೈ, ಅಂಗಾಲು ಕೆಂಪಾಗಿ ಉರಿಯುವುದು, ಸಿಪ್ಪೆ ಏಳುವುದು ಈ ರೂಪದಲ್ಲೇ ಜಾಸ್ತಿ. ಬಿಸಿನೀರು, ಬಿಗಿ ಚಪ್ಪಲಿ, ತಿಕ್ಕಾಟ ಬೇಡ. ಮೊದಲ ಡ್ರಿಪ್‌ನಲ್ಲಿ ಮುಖ ಕೆಂಪೇರಿದರೆ, ಎದೆ ಬಿಗಿದರೆ, ಉಸಿರು ಕಟ್ಟಿದಂತಾದರೆ ಆ ಕ್ಷಣವೇ ನರ್ಸ್‌ಗೆ ಹೇಳಿ. ಸುಮ್ನೆ ಸಹಿಸಿಕೊಂಡು ಮಲಗುವ ಅಮ್ಮಂದಿರ ಬಗ್ಗೆಯೇ ನನಗೆ ಹೆಚ್ಚು ಭಯ.

ಪ್ರಶ್ನೆ: ನ್ಯಾನೊ ಬೆಳ್ಳಿಯ ನೀರು ದಿನಾ ಕುಡಿದರೆ ರೋಗನಿರೋಧಕ ಶಕ್ತಿ ಹೆಚ್ಚುತ್ತದೆಯೇ?

ಉತ್ತರ: ಇಲ್ಲ. ಚರ್ಮ ನೀಲಿ-ಬೂದು ಬಣ್ಣಕ್ಕೆ ತಿರುಗಬಹುದು, ಆ ಬಣ್ಣ ಸಾಮಾನ್ಯವಾಗಿ ಹೋಗುವುದಿಲ್ಲ. ಚೆಲ್ಲಿಬಿಡಿ.

ಪ್ರಶ್ನೆ: ನ್ಯಾನೊ ಕರ್ಕ್ಯುಮಿನ್ (ಅರಿಶಿನದಲ್ಲಿರುವ ಅಂಶ) ತೆಗೆದುಕೊಂಡು ಕೀಮೋ ನಿಲ್ಲಿಸಬಹುದು ಎಂದರು ಒಬ್ಬರು.

ಉತ್ತರ: ನಿಲ್ಲಿಸಬೇಡಿ. ಅವರ ಬಳಿ ಇನ್ನೊಮ್ಮೆ ಹೋಗಲೂ ಬೇಡಿ. ನ್ಯಾನೊ ಮಾಡಿದರೆ ಕರ್ಕ್ಯುಮಿನ್ ರಕ್ತಕ್ಕೆ ಜಾಸ್ತಿ ಸೇರಬಹುದು. ರಕ್ತಕ್ಕೆ ಸೇರುವುದು ಬೇರೆ, ಕ್ಯಾನ್ಸರ್ ಗುಣವಾಗುವುದು ಬೇರೆ ಅಲ್ವಾ?

ಪ್ರಶ್ನೆ: ಸಾದಾ ಡಾಕ್ಸೊರುಬಿಸಿನ್, ಲೈಪೊಸೋಮ್‌ನದು, ಎರಡೂ ಒಂದೇ ಔಷಧಿ. ಒಂದಿಲ್ಲದಿದ್ದರೆ ಇನ್ನೊಂದು ಹಾಕಬಹುದಲ್ಲ?

ಉತ್ತರ: ಖಂಡಿತ ಹಾಕಬಾರದು. ಡೋಸ್ ಬೇರೆ, ದೇಹದಲ್ಲಿ ಉಳಿಯುವ ಸಮಯವೂ ಬೇರೆ. ಅದಲುಬದಲಾದರೆ ಜೀವಕ್ಕೇ ಅಪಾಯ. ನನ್ನ ಮನೆಯವರಿಗಾದರೆ, ಚೀಟಿಯಲ್ಲಿರುವ ಪೂರ್ತಿ ಹೆಸರನ್ನು ಬಾಟಲಿಯ ಹೆಸರಿನ ಜತೆ ತಾಳೆ ನೋಡದೆ ಡ್ರಿಪ್ ಹಾಕಲು ನಾನು ಬಿಡುವುದಿಲ್ಲ. ನೀವೂ ಕೇಳಿ ನೋಡಿ. ಅದಕ್ಕೆ ಯಾರೂ ಬೇಸರಪಡಬಾರದು.