1963ರಲ್ಲಿ ಬರ್ಮಿಂಗ್‌ಹ್ಯಾಮ್‌ನ 16ನೇ ಬೀದಿ ಬ್ಯಾಪ್ಟಿಸ್ಟ್ ಚರ್ಚ್‌ಗೇ ಬಾಂಬ್ ಇಟ್ಟಿದ್ದು ಯಾಕೆ?

ಅಮೆರಿಕದ ಅಲಬಾಮಾದಲ್ಲಿರುವ ಆ ಊರಿನ ಕಪ್ಪು ಜನ ವರ್ಣಭೇದದ ವಿರುದ್ಧದ ಹೋರಾಟಕ್ಕೆ ಸೇರುತ್ತಿದ್ದದ್ದೇ ಅಲ್ಲಿ, ಅದಕ್ಕೆ. ಆ ವರ್ಷದ ಮೇ ತಿಂಗಳಲ್ಲಿ ಶಾಲೆ ಮಕ್ಕಳು ಮೆರವಣಿಗೆ ಹೊರಟಿದ್ದು ಇದೇ ಚರ್ಚ್‌ನಿಂದ. ಎದುರಿನ ಪಾರ್ಕಿನ ಹತ್ತಿರ ಪೊಲೀಸರು ನಾಯಿ ಬಿಟ್ಟರು, ಫೈರ್ ಇಂಜಿನ್ ಪೈಪಿನಿಂದ ನೀರು ಹೊಡೆಸಿದರು.

ಸಭೆಗೆ ಚರ್ಚೇ ಯಾಕೆ ಬೇಕಿತ್ತು ಅಂದ್ರೆ, ಬ್ಯಾಪ್ಟಿಸ್ಟ್ ಅನ್ನೋ ಕ್ರೈಸ್ತ ಪಂಗಡದಲ್ಲಿ ಸಾಮಾನ್ಯವಾಗಿ ಮೇಲಿಂದ ಅಪ್ಪಣೆ ಕೊಡುವ ಬಿಷಪ್ ಇರೋದಿಲ್ಲ. ಪಾದ್ರಿಯನ್ನು ಆರಿಸೋದು, ಅವರಿಗೆ ಸಂಬಳ ಕೊಡೋದು, ಕಟ್ಟಡ ನೋಡಿಕೊಳ್ಳೋದು ಎಲ್ಲ ಆ ಚರ್ಚಿನ ಜನರೇ. ಬಿಳಿಯ ಯಜಮಾನ ಕೂಲಿಯವನನ್ನು ಕೆಲಸದಿಂದ ತೆಗೆಯಬಹುದಿತ್ತು, ಪಾದ್ರಿಯನ್ನು ತೆಗೆಯೋಕೆ ಆಗ್ತಿರಲಿಲ್ಲ, ಅಲ್ವಾ? 1873ರಲ್ಲಿ ಶುರುವಾದ ಚರ್ಚ್ ಇದು. 1911ರಲ್ಲಿ ಮುಗಿದ ಈಗಿನ ಕಟ್ಟಡದ ನಕ್ಷೆ ಕೂಡ ಕಪ್ಪು ವಾಸ್ತುಶಿಲ್ಪಿ ವಾಲೇಸ್ ರೇಫೀಲ್ಡ್ ಅವರದೇ.

1963ರ ಸೆಪ್ಟೆಂಬರ್ 15, ಭಾನುವಾರ ಬಾಂಬ್ ಸಿಡಿಯಿತು. ನೆಲಮಾಳಿಗೆಯಲ್ಲಿ ಹೆಂಗಸರ ಕೋಣೆಯೊಳಗೆ ಪ್ರಾರ್ಥನೆಗೆ ತಯಾರಾಗುತ್ತಿದ್ದ ನಾಲ್ವರು ಹುಡುಗಿಯರು ಸತ್ತರು. ಬಾಂಬ್ ಇಟ್ಟವರು ಬಿಳಿಯರೇ ಶ್ರೇಷ್ಠರು ಅನ್ನೋ ಹಿಂಸಾತ್ಮಕ ಗುಂಪಾದ ಕೂ ಕ್ಲಕ್ಸ್ ಕ್ಲಾನ್‌ನವರು. ಮೊದಲನೆಯವನಿಗೆ ಶಿಕ್ಷೆಯಾಗಿದ್ದು 1977ರಲ್ಲಿ, ಕೊನೆಯವನಿಗೆ 2002ರಲ್ಲಿ. ಚರ್ಚ್ ಮಾತ್ರ 1964ರಲ್ಲೇ ಮತ್ತೆ ತೆರೆಯಿತು.