ಅಂತರ ಇಂಜೆಕ್ಷನ್ ಬಿಟ್ಟ ಮೇಲೆ ಮುಟ್ಟು ಬಂದಿಲ್ಲ, ಏನು ಮಾಡಲಿ?

ಪ್ರಶ್ನೆ: ನನಗೆ 28 ವರ್ಷ. ಮೊದಲ ಮಗುವಾದ ಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಎರಡು ವರ್ಷ, ಮೂರು ತಿಂಗಳಿಗೊಮ್ಮೆ ಕೊಡುವ ಗರ್ಭನಿರೋಧಕ ‘ಅಂತರ’ ಇಂಜೆಕ್ಷನ್ ಹಾಕಿಸಿಕೊಂಡೆ. ಎರಡನೇ ಮಗು ಬೇಕೆಂದು ನಿಲ್ಲಿಸಿದ್ದೇನೆ. ಕೊನೆಯ ಇಂಜೆಕ್ಷನ್ ಆಗಿ 8 ತಿಂಗಳಾದರೂ ಮುಟ್ಟು ಬಂದಿಲ್ಲ. ಗರ್ಭಕೋಶ ಒಣಗಿಹೋಗಿದೆ ಅನ್ನುತ್ತಾರೆ ಅತ್ತೆ. ಮೆಡಿಕಲ್ ಶಾಪಿನಲ್ಲಿ ಮುಟ್ಟು ಬರಿಸುವ ಮಾತ್ರೆ ಕೊಟ್ಟಿದ್ದಾರೆ. ತೆಗೆದುಕೊಳ್ಳಲೇ?
– ಹೆಸರು ಬೇಡ, ಹಾವೇರಿ

ಉತ್ತರ: ಆ ಮಾತ್ರೆ ಬೇಡ. ಮೊದಲು ಬೆಳಗಿನ ಮೂತ್ರದಲ್ಲಿ ಗರ್ಭ ಪರೀಕ್ಷೆ ಮಾಡಿಕೊಳ್ಳಿ. ಅಂಡಾಣು ಬಿಡುಗಡೆಯಾಗಿ ಸುಮಾರು 14 ದಿನಕ್ಕೆ ಮುಟ್ಟು ಬರುತ್ತದೆ. ಹಾಗಾಗಿ ಒಮ್ಮೆಯೂ ಮುಟ್ಟಾಗದೆ ಬಸಿರಾಗುವವರೂ ಇದ್ದಾರೆ.

ಗರ್ಭಕೋಶ ಒಣಗಿಲ್ಲ. ಈ ಇಂಜೆಕ್ಷನ್‌ನಲ್ಲಿರುವುದು 150 ಮಿಲಿಗ್ರಾಂ ಮೆಡ್ರಾಕ್ಸಿ ಪ್ರೊಜೆಸ್ಟರಾನ್. ಸ್ನಾಯುವಿನಲ್ಲಿ ಸಣ್ಣ ಹರಳುಗಳಾಗಿ ಕುಳಿತು ನಿಧಾನವಾಗಿ ಕರಗುತ್ತದೆ. ಅದು ರಕ್ತದಲ್ಲಿರುವಷ್ಟು ದಿನ ಅಂಡಾಣು ಬಿಡುಗಡೆಯಾಗುವುದಿಲ್ಲ, ಗರ್ಭಕೋಶದ ಒಳಪದರವೂ ತೆಳುವಾಗಿರುತ್ತದೆ. ಮುಟ್ಟು ನಿಂತಿರುವುದು ಅದಕ್ಕೇ. ಅಂಡಾಶಯ ಕೆಲಸ ಶುರುಮಾಡಿದರೆ ಒಳಪದರ ತಾನಾಗಿ ಬೆಳೆಯುತ್ತದೆ.

ಇನ್ನು ಲೆಕ್ಕಕ್ಕೆ ಬನ್ನಿ. ನಿಮ್ಮ ಅಂತರ ಕಾರ್ಡಿನಲ್ಲಿರುವ ಕೊನೆಯ ತಾರೀಖಿಗೆ ಮೂರು ತಿಂಗಳು ಸೇರಿಸಿ. ಅಲ್ಲಿಯವರೆಗೂ ಔಷಧದ ರಕ್ಷಣೆ ಇತ್ತು. ಅಂದರೆ ನೀವು ಕಾದಿರುವುದು 5 ತಿಂಗಳು, 8 ಅಲ್ಲ. ಕೊನೆಯ ಡೋಸಿನಿಂದ ಗರ್ಭ ನಿಲ್ಲಲು ಸರಾಸರಿ 10 ತಿಂಗಳು ಹಿಡಿಯುತ್ತದೆ, ಕೆಲವರಿಗೆ ಒಂದೂವರೆ ವರ್ಷವೂ ಆಗುತ್ತದೆ. ಇಂಜೆಕ್ಷನ್‌ನ ಔಷಧವನ್ನು ಬೇಗ ದೇಹದಿಂದ ಹೊರಹಾಕುವ ಕಷಾಯವೂ ಇಲ್ಲ, ಪಥ್ಯವೂ ಇಲ್ಲ. ಅಂಗಡಿಯವರು ಕೊಡುವ ಮಾತ್ರೆ ಸಾಮಾನ್ಯವಾಗಿ ಇದೇ ಜಾತಿಯ ಹಾರ್ಮೋನು. ರಕ್ತಸ್ರಾವ ತರಿಸಬಹುದು, ಅಂಡಾಣು ತರಿಸದು.

ಮುಟ್ಟಿಲ್ಲದಾಗ ದಿನ ಎಣಿಸಲಾಗದು, ಅಂಡೋತ್ಪತ್ತಿ ಪತ್ತೆಯ ಸ್ಟ್ರಿಪ್‌ಗೂ ಸುಮ್ಮನೆ ದುಡ್ಡು ದಂಡ. ಎರಡು ಮೂರು ದಿನಕ್ಕೊಮ್ಮೆ ಕೂಡಿದರೆ ಸಾಕು, ವೀರ್ಯಾಣು 5 ದಿನದವರೆಗೆ ಬದುಕಿರಬಲ್ಲದು. ಬಿಳಿಸೆರಗು ಹಸಿ ಮೊಟ್ಟೆಯ ಬಿಳಿಭಾಗದಂತೆ ತೆಳ್ಳಗೆ, ಬೆರಳ ನಡುವೆ ಎಳೆಯಾಗಿ ಬಂದರೆ ಅಂಡಾಣು ಬಿಡುಗಡೆ ಹತ್ತಿರವಿದೆ ಎಂದರ್ಥ. ಆ ದಿನಗಳನ್ನು ಬಿಡಬೇಡಿ.

ಫೋಲಿಕ್ ಆಸಿಡ್ ಇಂದಿನಿಂದಲೇ ಶುರುಮಾಡಿ, ದಿನಕ್ಕೆ 400 ಮೈಕ್ರೋಗ್ರಾಂ. ಅಂಗಡಿಯಲ್ಲಿ ಸುಲಭವಾಗಿ ಸಿಗುವ 5 ಮಿಲಿಗ್ರಾಂ ಮಾತ್ರೆ ಅದರ ಹನ್ನೆರಡು ಪಟ್ಟಿಗೂ ಹೆಚ್ಚು. ಹಿಂದಿನ ಮಗುವಿಗೆ ಬೆನ್ನುಹುರಿ ದೋಷವಿದ್ದರೆ, ನಿಮಗೆ ಸಕ್ಕರೆ ಕಾಯಿಲೆಯಿದ್ದರೆ ಅಥವಾ ಫಿಟ್ಸ್ ಮಾತ್ರೆ ನಡೆಯುತ್ತಿದ್ದರೆ ವೈದ್ಯರೇ ಅದನ್ನು ಬರೆದುಕೊಡುತ್ತಾರೆ.

ಕೊನೆಯ ಇಂಜೆಕ್ಷನ್‌ಗೆ 12 ತಿಂಗಳು ತುಂಬಿದರೂ ಮುಟ್ಟಾಗದಿದ್ದರೆ ಸ್ತ್ರೀರೋಗ ತಜ್ಞರಲ್ಲಿಗೆ ಹೋಗಿ. ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಪ್ರೊಲ್ಯಾಕ್ಟಿನ್ (ಎದೆಹಾಲು ತರಿಸುವ ಹಾರ್ಮೋನಿನ ಪರೀಕ್ಷೆ), ಸ್ಕ್ಯಾನಿಂಗ್ ಮಾಡಿಸುತ್ತಾರೆ. ಮಗು ಹಾಲು ಬಿಟ್ಟ ಮೇಲೂ ಎದೆಯಲ್ಲಿ ಹಾಲು ಬರುತ್ತಿದ್ದರೆ ಅಷ್ಟು ದಿನ ಕಾಯಬೇಡಿ. ಯಜಮಾನರ ವೀರ್ಯ ಪರೀಕ್ಷೆಯೂ ಜೊತೆಗೇ ಆಗಲಿ, ಅದಕ್ಕೆ 2ರಿಂದ 7 ದಿನ ಸಂಯಮ ಬೇಕು.

ಪ್ರಶ್ನೆ: ಗರ್ಭನಿರೋಧಕ ಮಾತ್ರೆ ಮಾಲಾ-ಎನ್ ನುಂಗುತ್ತಿದ್ದೇನೆ. ಬಿಟ್ಟ ಮೇಲೆ ಬಸಿರಾಗಲು ಮೂರು ತಿಂಗಳು ಕಾಯಲೇಬೇಕೆ?
– ಓದುಗರು, ಸಿರಾ

ಉತ್ತರ: ಬೇಕಿಲ್ಲ. ಆ ಹಾರ್ಮೋನು ಕೆಲವೇ ದಿನಗಳಲ್ಲಿ ದೇಹದಿಂದ ಹೋಗುತ್ತದೆ. ಆದರೆ ಪಟ್ಟಿಯನ್ನು ನಡುವೆ ಬಿಡಬೇಡಿ, 28 ಮಾತ್ರೆಯನ್ನೂ ಮುಗಿಸಿ. ಕೊನೆಯ 7 ಕಬ್ಬಿಣಾಂಶದ ಮಾತ್ರೆಗಳ ಹೊತ್ತಿಗೆ ಬರುವ ಸ್ರಾವ ನಿಜವಾದ ಮುಟ್ಟಲ್ಲ, ಹಾರ್ಮೋನು ನಿಂತದ್ದಕ್ಕೆ ಬಂದದ್ದು. ಮಾತ್ರೆ ಶುರುಮಾಡುವ ಮೊದಲೇ ಮುಟ್ಟು ಹಿಂದೆ ಮುಂದೆ ಆಗುತ್ತಿದ್ದರೆ ಅದು ಮರುಕಳಿಸಬಹುದು. ಬಿಟ್ಟು 3 ತಿಂಗಳಾದರೂ ಮುಟ್ಟು ಕಾಣದಿದ್ದರೆ ಗರ್ಭ ಪರೀಕ್ಷೆ ಮಾಡಿ ವೈದ್ಯರನ್ನು ಕಾಣಿ.